ಕೊನೆಯ ಸಾಲಿನ ‘ಯುವರ್ಸ್’

ನಮ್ಮ ಮನೆಯ ಟೆಲಿಫೋನು ಸತ್ತು ಮೂರು ವಾರವಾಯಿತು. ಮೊದಲ ವಾರ ಅದರ ಮೌನ ಹಿತವಾಗಿಯೇ ಇತ್ತು. ಎರಡನೆಯ ವಾರ ನನ್ನ ಹೆಂಡತಿ ಒಗೆದ ಟವೆಲುಗಳನ್ನು ಮಡಚಿ ಅದರ ಮೇಲೆ ಇಡಲು ಶುರು ಮಾಡಿದಳು. ಮೂರನೆಯ ವಾರ ನಾನು ಇಂಗ್ಲಿಷಿನಲ್ಲಿ ಒಂದು ದೂರು ಬರೆಯಲು ಕೂತೆ. ಪ್ರತಿ ಇರಲಿ ಎಂದು ಕೆಳಗೆ ಕಾರ್ಬನ್ ಹಾಳೆ ಇಟ್ಟುಕೊಂಡೆ. ಕಾರ್ಬನ್ ಹಾಳೆಯ ವಾಸನೆ ನಿಮಗೆ ನೆನಪಿದೆಯೇ? ಎಣ್ಣೆ, ಮಸಿ, ಬಹಳ ದಿನ ತೆರೆಯದ ಕಪಾಟು, ಈ ಮೂರೂ ಕೂಡಿದ ವಾಸನೆ ಅದು. ಬೆರಳಿಗೆ ನೀಲಿ ಹತ್ತಿತು, ಸಿಟ್ಟು ಸರಾಗವಾಗಿ ಹಾಳೆಗೆ ಇಳಿಯಿತು, ಎಲ್ಲ ಮುಗಿಸಿ ಕೊನೆಯ ಸಾಲಿಗೆ ಬಂದೆ. ‘ಯುವರ್ಸ್ ಫೇತ್‌ಫುಲಿ’ ಎಂದು ಬರೆಯಬೇಕು. ‘ಯುವರ್ಸ್’ ಬರೆದೆ. ಕೈ ನಿಂತಿತು.

ಯುವರ್ಸ್. ನಿಮ್ಮವನು. ಯಾರವನು? ಮೂರು ವಾರದಿಂದ ನಾನು ಮನಸ್ಸಿನಲ್ಲೇ ಬೈಯುತ್ತಿರುವ, ಮುಖ ಕಂಡರಿಯದ ಒಬ್ಬ ಅಧಿಕಾರಿಗೆ ನಾನು ಯಾವ ಲೆಕ್ಕದಲ್ಲಿ ಸೇರಿದವನು? ಅದೂ ನಿಷ್ಠೆಯಿಂದ?

ಓದಿದ್ದು ಇಂಗ್ಲಿಷ್ ಎಂ.ಎ. ಆದ್ದರಿಂದ ಇಂಥ ಕಡೆ ನನ್ನ ಬುದ್ಧಿ ಕೆಲಸ ಬಿಟ್ಟು ಅಲೆಯಲು ಹೊರಡುತ್ತದೆ. ಸ್ವಲ್ಪ ದೂರ ನೀವೂ ಜೊತೆಗೆ ಬನ್ನಿ. ಈ ‘ಯುವರ್ಸ್’ನ ಬಾಲದಲ್ಲಿರುವ ಸಕಾರ ಮೊದಲು ಇರಲೇ ಇಲ್ಲವಂತೆ. ಹಳೆಯ ಇಂಗ್ಲಿಷಿನಲ್ಲಿ ‘ನಿಮ್ಮ’ ಎನ್ನುವುದಕ್ಕೂ ‘ನಿಮ್ಮದು’ ಎನ್ನುವುದಕ್ಕೂ ಒಂದೇ ಪದ ಸಾಕಾಗಿತ್ತು. ಆಮೇಲೆ ಇಂಗ್ಲೆಂಡಿನ ಉತ್ತರ ಸೀಮೆಯ ಜನ ಅದಕ್ಕೊಂದು ಸಕಾರ ಅಂಟಿಸಿದರು. ದಕ್ಷಿಣದ ಹಳ್ಳಿಗರು ‘ಯುವರ್ನ್’ ಎಂದು ನಕಾರ ಅಂಟಿಸಿದರು. ಗೆದ್ದದ್ದು ಉತ್ತರದವರ ಮಾತು. ಒಡೆತನವನ್ನು ಒಮ್ಮೆ ಹೇಳಿದ ಪದಕ್ಕೇ ಇನ್ನೊಮ್ಮೆ ಒಡೆತನದ ಗುರುತು ಹಾಕಿದ ಹಾಗೆ ಇದು; ಹೆಸರು ಕೊರೆಸಿದ ಪಾತ್ರೆಗೆ ಮತ್ತೆ ಚೀಟಿ ಕಟ್ಟಿದ ಹಾಗೆ. ನಿಜವಾಗಿ ತನ್ನದೋ ಅಲ್ಲವೋ ಎಂಬ ಅನುಮಾನ ಇದ್ದವರು ಮಾತ್ರ ಹೀಗೆ ಎರಡೆರಡು ಸಲ ಬರೆಯುತ್ತಾರೆ ಎಂದು ನನಗೆ ತೋರುತ್ತದೆ. ಇದಕ್ಕೆ ಯಾವ ವಿದ್ವಾಂಸನ ಆಧಾರವೂ ಇಲ್ಲ. ಆಧಾರವಿಲ್ಲದ್ದನ್ನು ಗಟ್ಟಿಯಾಗಿ ಹೇಳುವ ಚಟ ನನಗೆ ಆ ಕಾಲದಲ್ಲೇ ಹತ್ತಿದ್ದು.

ಆ ಕಾಲ ಎಂದರೆ ನಾನು ಹೈದರಾಬಾದಿನ ಬಡಿ ಚೌಡಿಯ ಹಿಂದಿನ ಒಂದು ಗಲ್ಲಿಯಲ್ಲಿ ಕಾಕಾನ ಮನೆಯಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದ ಕಾಲ. ಕಾಕಾ ನನ್ನ ತಂದೆಯ ತಮ್ಮ. ಒಂದು ಸರಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಅವರ ಹೆಂಡತಿ ಶಾಂತಾ ಕಾಕು, ರಾಯಚೂರಿನವರು. ಅವರಿಗೆ ಮಕ್ಕಳಿರಲಿಲ್ಲ. ಮನೆ ಎರಡು ಕೋಣೆ ಮತ್ತು ಒಂದು ಉದ್ದನೆಯ ಪಡಸಾಲೆ. ಪಡಸಾಲೆಯ ಕೊನೆಯಲ್ಲಿ ಒಂದು ಕಿಟಕಿ, ಅದರ ಕೆಳಗೆ ಕಾಕುವಿನ ಹೊಲಿಗೆ ಮಷೀನು. ನನ್ನ ನೆನಪಿನಲ್ಲಿ ಅದು ಕಪ್ಪಗಿದೆ, ಮೈಮೇಲೆ ಬಂಗಾರದ ಬಳ್ಳಿ ಇದೆ. ಆದರೆ ಆ ಕಾಲದ ಎಲ್ಲ ಮಷೀನುಗಳೂ ಕಪ್ಪಗೇ ಇದ್ದವು, ಎಲ್ಲದರ ಮೇಲೂ ಬಂಗಾರದ ಬಳ್ಳಿ ಇತ್ತು. ಕಾಕುವಿನ ಮಷೀನು ಮರೆತುಹೋಗಿ, ಆ ಜಾಗದಲ್ಲಿ ನನ್ನ ತಲೆ ಯಾರದೋ ಮಷೀನು ತಂದಿಟ್ಟಿದೆಯೋ ಏನೋ. ಸದ್ದು ಮಾತ್ರ ಅದರದೇ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಮಧ್ಯಾಹ್ನ ನಾನು ಪುಸ್ತಕ ಎದೆಯ ಮೇಲಿಟ್ಟುಕೊಂಡು ಅರೆನಿದ್ದೆಯಲ್ಲಿದ್ದಾಗ ಆ ಸದ್ದು ದೂರದ ರೈಲಿನಂತೆ ಬರುತ್ತಿತ್ತು, ಬಟ್ಟೆ ತಿರುಗಿಸುವಾಗ ನಿಲ್ಲುತ್ತಿತ್ತು, ಯಾವುದೋ ಹೆಸರಿಲ್ಲದ ಸ್ಟೇಷನ್ನಿನಿಂದ ಮತ್ತೆ ಹೊರಡುತ್ತಿತ್ತು.

ಕಾಕು ಮದುವೆಗೆ ಮೊದಲೇ ಹೊಲಿಗೆ ಕಲಿತವರು. ಮಷೀನು ಅವರು ತವರಿನಿಂದ ತಂದದ್ದು. ಆದರೆ ‘ನನ್ನ ಮಷೀನು’ ಎಂದು ಅವರು ಅಂದದ್ದನ್ನು ನಾನು ಕೇಳಿರಲಿಲ್ಲ. ಆ ಮನೆಯಲ್ಲಿ ‘ನನ್ನದು’ ಎನ್ನುವ ಪದ ಚಾಲ್ತಿಯಲ್ಲಿರಲಿಲ್ಲ. ಎಲ್ಲವೂ ‘ನಮ್ಮದು’. ನಮ್ಮ ಫ್ಯಾನು, ನಮ್ಮ ಗಲ್ಲಿ, ನಮ್ಮ ಬಸ್ಸು. ಕಾಕಾ ತಮ್ಮ ಹೆಂಡತಿಯನ್ನು ಹೊರಗಿನವರ ಮುಂದೆ ಹೆಸರಿಸುವಾಗಲೂ ‘ನಮ್ಮ ಮನ್ಯಾಗ’ ಎಂದೇ ಅನ್ನುತ್ತಿದ್ದರು. ‘ನಮ್ಮ ಮನ್ಯಾಗ ಸ್ವಲ್ಪ ನೆಗಡಿ ಆಗೈತಿ’ ಎಂದರೆ ಗೋಡೆಗೆ ನೆಗಡಿಯಾಗಿದೆ ಎಂದು ಯಾರೂ ತಿಳಿಯುತ್ತಿರಲಿಲ್ಲ. ನಾನು ಬಂದ ಹೊಸತರಲ್ಲಿ ಒಮ್ಮೆ ‘ನನ್ನ ಟವೆಲ್ ಎಲ್ಲಿ?’ ಎಂದು ಕೂಗಿದ್ದೆ. ಕಾಕಾ ಪೇಪರಿನಿಂದ ತಲೆ ಎತ್ತಿ, “ನನ್ನದು ನಿನ್ನದು ಅಂತ ನಮ್ಮನ್ಯಾಗ ಇಲ್ಲಪಾ ಪ್ರೊಫೆಸರ್. ಹಗ್ಗದ ಮ್ಯಾಲ ಒಂದು ಐತಿ ನೋಡು, ಯಾರ್ದರ ಆಗಲಿ” ಎಂದಿದ್ದರು. ನನಗೆ ಅದು ದೊಡ್ಡ ಔದಾರ್ಯದಂತೆ ಕಂಡಿತ್ತು. ಯಾರದೋ ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡು ಸಂತೋಷಪಟ್ಟೆ.

ಕಾಕಾನ ಇನ್ನೊಂದು ವೈಶಿಷ್ಟ್ಯ ಅವರ ಡ್ರಾಫ್ಟ್. ಕಚೇರಿಯಲ್ಲಿ ಎಂಥ ಜಟಿಲ ಪತ್ರವಿದ್ದರೂ ಕರಡು ಬರೆಯುವುದು ಅವರೇ. ಬರೆದು ಮುಗಿಸಿದ ಕೂಡಲೇ ಹಾಳೆಯ ಎಡಮೂಲೆಯಲ್ಲಿ ಒಂದು ಟಿಕ್ ಹಾಕುತ್ತಿದ್ದರು. ಆ ಟಿಕ್ ಕಂಡರೆ ಟೈಪಿಸ್ಟ್ ಒಂದಕ್ಷರ ಓದದೆ ಟೈಪ್ ಮಾಡುತ್ತಿದ್ದ, ರವಾನೆ ವಿಭಾಗದವರು ನಂಬರ್ ಹಾಕಿ ಕಳಿಸುತ್ತಿದ್ದರು. ಟಿಕ್ ಹಾಕುವುದು ಎಷ್ಟು ರೂಢಿಯಾಗಿತ್ತೆಂದರೆ ಬೇಗಂ ಬಜಾರಿಗೆ ಹೋಗುವ ಕಿರಾಣಿ ಚೀಟಿಯ ಮೂಲೆಯಲ್ಲೂ, ಹಾಲಿನವನಿಗೆ ಬರೆದಿಟ್ಟ ಚೀಟಿಯ ಮೂಲೆಯಲ್ಲೂ ಅದು ಇರುತ್ತಿತ್ತು.

ಒಂದು ದಿನ ಕಾಕು ಪಕ್ಕದ ಮನೆಯವರೊಡನೆ ಬೇಗಂ ಬಜಾರಿಗೆ ಹೋಗಿದ್ದರು. ಆ ಹೊತ್ತಿಗೆ ಕಾಕಾನ ಕಚೇರಿಯ ರಂಗಯ್ಯ ಮನೆಗೆ ಬಂದ. ಅವನ ತಂಗಿ ಪದ್ಮ ಊರಾಚೆ ಫ್ಯಾಕ್ಟರಿಗಳಿರುವ ಪಟಾನ್‌ಚೆರುವಿನಲ್ಲಿದ್ದಳು. ಅವಳ ಗಂಡ ಬಸ್ಸಿನಿಂದ ಇಳಿಯುವಾಗ ಬಿದ್ದು ಕಾಲು ಮುರಿದುಕೊಂಡಿದ್ದ, ಫ್ಯಾಕ್ಟರಿಗೆ ಹೋಗುವಂತಿರಲಿಲ್ಲ. ಪದ್ಮಳಿಗೆ ಹೊಲಿಗೆ ಬರುತ್ತಿತ್ತು, ಮಷೀನು ಇರಲಿಲ್ಲ. ರಂಗಯ್ಯ ಕೇಳಲು ಬಂದದ್ದೂ ಅಲ್ಲ, ಸುಮ್ಮನೆ ದುಃಖ ಹೇಳಿಕೊಂಡ. ಕಾಕಾನ ಕಣ್ಣು ಕಿಟಕಿಯ ಕಡೆ ಹೋಯಿತು.

“ನಮ್ಮನ್ಯಾಗ ಒಂದು ಸುಮ್ನ ಬಿದ್ದೈತಿ. ಒಯ್ಯಿ” ಎಂದರು.

ಆಟೋ ತಂದು ಹೇರಿಸಿದವರಲ್ಲಿ ನಾನೂ ಒಬ್ಬ. ಒಂದು ಕಡೆ ಹಿಡಿದುಕೊಂಡು ಮೆಟ್ಟಿಲು ಇಳಿದಾಗ ಒಳ್ಳೆಯ ಕೆಲಸ ಮಾಡುತ್ತಿರುವವರ ಮುಖದಲ್ಲಿ ಬರುವ ಹೊಳಪು ನನ್ನ ಮುಖದಲ್ಲೂ ಇದ್ದಿರಬೇಕು.

ಕಾಕು ಸಂಜೆ ಬಂದರು. ಚೀಲ ಇಳಿಸಿದರು. ನೆಲದ ಮೇಲೆ ಮಷೀನಿನ ಕಾಲುಗಳ ನಾಲ್ಕು ಗುರುತು ಬೆಳ್ಳಗೆ ಕಾಣುತ್ತಿದ್ದವು.

“ಮಷೀನ್ ಎಲ್ಲಿ?”

“ರಂಗಯ್ಯನ ತಂಗಿಗೆ ಕೊಟ್ಟೆ. ಪಾಪ, ಭಾಳ ತ್ರಾಸಿನ್ಯಾಗ ಅದಾಳ. ನಾವೇನ್ ದಿನಾ ಹೊಲಿತೀವಿ?”

“ನಾವು?” ಎಂದರು ಕಾಕು. ಅಷ್ಟೇ. ಅಥವಾ ಅಷ್ಟನ್ನೂ ಅನ್ನಲಿಲ್ಲವೋ. ಅವರು ಅಂದಿರಬೇಕಾದದ್ದನ್ನು ನಾನೇ ಆಮೇಲೆ ಅವರ ಬಾಯಿಗೆ ಹಾಕಿದೆನೋ ತಿಳಿಯದು. ಅಳಲಿಲ್ಲ, ಜಗಳ ಮಾಡಲಿಲ್ಲ. ಅದು ಮಾತ್ರ ಖಚಿತ. ತೊಗರಿ ಬೇಳೆ ಡಬ್ಬಕ್ಕೆ ಸುರಿದರು. ಎಂಟು ದಿನ ಬಿಟ್ಟು ರಾಯಚೂರಿನಲ್ಲಿ ಅಣ್ಣನ ಮೊಮ್ಮಗುವಿನ ತೊಟ್ಟಿಲ ಕಾರ್ಯ ಎಂದು ಹೋದರು. ತೊಟ್ಟಿಲ ಕಾರ್ಯ ಮುಗಿಯಿತು. ವಾರವಾಯಿತು, ತಿಂಗಳಾಯಿತು. ಕಾಕು ಬರಲಿಲ್ಲ.

ಕಾಕಾ ಮೊದಲಿಗೆ “ತವರು ಮನಿ, ಇರಲಿ ನಾಕ್ ದಿನ” ಎಂದರು. ಅನ್ನ ತಳ ಹಿಡಿಯಿತು. ಕಾಕಾ ಪಡಸಾಲೆಯಲ್ಲಿ ನಡೆಯುವಾಗ ಆ ನಾಲ್ಕು ಗುರುತುಗಳನ್ನು ತುಳಿಯದೆ ಸುತ್ತಿ ಹೋಗುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಕಾಕು ಹೀಗೆ ಮಾಡಿದ್ದು ಮೊದಲನೆಯ ಸಲ. ಅವರು ಬರದೇ ಇರಬಹುದು ಎನ್ನುವ ಮಾತು ನಮ್ಮಿಬ್ಬರ ನಡುವೆ ಊಟದ ತಾಟಿನ ಪಕ್ಕದಲ್ಲೇ ಕೂತಿರುತ್ತಿತ್ತು. ನಾವಿಬ್ಬರೂ ಅದಕ್ಕೆ ಬಡಿಸುತ್ತಿರಲಿಲ್ಲ.

ಕೊನೆಗೆ ಒಂದು ರವಿವಾರ ಕಾಕಾ ಹಾಳೆ ತೆಗೆದುಕೊಂಡು ಕೂತರು. ಇಲ್ಲೊಂದು ವಿಷಯ ಹೇಳಬೇಕು. ಕಾಕಾ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅವರಿಗೆ ಬಾಯಿಯ ಭಾಷೆ. ಅಂಗಡಿಯ ಬೋರ್ಡು ಓದುವಷ್ಟು ಅಕ್ಷರ ಗೊತ್ತಿತ್ತು, ಬರೆಯುವ ರೂಢಿ ಇರಲಿಲ್ಲ. ಕಾಕು ಓದಿದ್ದು ಕನ್ನಡ ಶಾಲೆಯಲ್ಲಿ, ಮೆಟ್ರಿಕ್‌ವರೆಗೆ. ಉರ್ದು ಅಕ್ಷರ ಅವರಿಗೆ ಇರುವೆ ಸಾಲು. ಹೀಗಾಗಿ ದಿನವಿಡೀ ಕನ್ನಡದಲ್ಲಿ ಮಾತಾಡುವ ಈ ಗಂಡ ಹೆಂಡಿರು ಕಾಗದದ ಮೇಲೆ ಭೇಟಿಯಾಗಬೇಕಾದರೆ ಇಂಗ್ಲಿಷಿಗೇ ಹೋಗಬೇಕು. ಇಂಗ್ಲಿಷಿನಲ್ಲಿ ಕಾಕಾನಿಗೆ ಬರುತ್ತಿದ್ದದ್ದು ಒಂದೇ ಬಗೆಯ ಪತ್ರ.

ಅವರು ಬರೆದದ್ದನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಾಗುತ್ತದೆ: ‘ವಿಷಯ: ರಾಯಚೂರಿನಿಂದ ಹಿಂದಿರುಗದೆ ಇರುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಿಳಿಸುವುದೇನೆಂದರೆ, ತಾವು ತೆರಳಿ ಒಂದು ತಿಂಗಳು ಮೀರಿದ್ದು, ಈ ಕಡೆಯ ವ್ಯವಸ್ಥೆಗೆ ಅಡಚಣೆ ಉಂಟಾಗಿರುತ್ತದೆ. ಆದ್ದರಿಂದ ಶೀಘ್ರ ಹಿಂದಿರುಗಲು ಸೂಕ್ತ ಕ್ರಮ ಕೈಗೊಳ್ಳುವಂತೆ ಕೋರಲಾಗಿದೆ.’ ಕೆಳಗೆ, ‘ಪ್ರತಿ: ವಿಳಾಸದಾರರ ಅಣ್ಣನವರಿಗೆ, ಮಾಹಿತಿಗಾಗಿ.’

“ಪ್ರೊಫೆಸರ್ ಸಾಹೇಬ್ರ,” ಎಂದು ಕಾಕಾ ಕರೆದರು. “ಹೆಂಡ್ತಿಗೆ ಬರದ್ರ ಕೊನಿಗೆ ಏನ್ ಹಾಕ್ತಾರ? ಫೇತ್‌ಫುಲಿ ಹಾಕಿದ್ರ ಸರಿ ಆಗೂದಿಲ್ಲಲ್ಲ?”

“ಬರೇ ಯುವರ್ಸ್ ಅಂತ ಹಾಕ್ರಿ ಕಾಕಾ. ಸಾಕು.”

“ಬರೇ ಯುವರ್ಸ್? ಬಾಲ ಇಲ್ಲದ ಮಂಗ್ಯಾನ ಗತೆ ಕಾಣ್ತೈತಿ.”

ನನಗೆ ಅಷ್ಟು ಸಾಕಾಗಿತ್ತು. ಆ ವಾರವೇ ತರಗತಿಯಲ್ಲಿ ಕೇಳಿ ಬಂದದ್ದನ್ನೆಲ್ಲ ಅವರ ಮುಂದೆ ಸುರಿದೆ. ‘ನಾನು ನಿಮ್ಮವನಾಗಿದ್ದೇನೆ’ ಎನ್ನುವ ಉದ್ದನೆಯ ವಾಕ್ಯ ಸವೆದು ಸವೆದು ಈ ಒಂದು ಪದ ಉಳಿದಿದೆ ಎಂದೆ. ಸಕಾರದ ಕಥೆ ಹೇಳಿದೆ. ಇಂಗ್ಲಿಷರಿಗೂ ಹಿಂದೆ ನಮ್ಮ ಹಾಗೆ ‘ನಿನ್ನ’, ‘ನಿಮ್ಮ’ ಎಂದು ಎರಡು ಇದ್ದವು, ಕ್ರಮೇಣ ‘ನಿನ್ನ’ ಬಿದ್ದುಹೋಗಿ ‘ನಿಮ್ಮ’ ಒಂದೇ ಉಳಿಯಿತು, ಈಗ ಅವರು ನಾಯಿಗೂ ಬಹುವಚನವನ್ನೇ ಹಚ್ಚುತ್ತಾರೆ ಎಂದೆ.

ಕಾಕಾ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. “ಅಂದ್ರ ಯುವರ್ಸ್ ಅಂತ ಬರದ್ರ ನಾ ಆಕಿಗೆ ‘ರೀ’ ಹಚ್ಚಿದಂಗಾತು?”

“ಹಂಗ ಅನ್ನಬಹುದ್ರಿ.”

ಅವರು ಬಾಗಿಲ ಕಡೆ ನೋಡಿದರು. “ಹಚ್ಚೂಣು ತಗೊ. ಮನ್ಯಾಗ ಯಾರದಾರ ಕೇಳಾಕ?”

ಬರೆದರು. ಮನೆಯಲ್ಲಿ ಒಳ್ಳೆಯ ಹಾಳೆ ಇಲ್ಲ, ನಾಳೆ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಚೆನ್ನಾಗಿ ಪ್ರತಿ ಮಾಡುತ್ತೇನೆ ಎಂದು ಅದನ್ನು ಕಡತದ ಪ್ಯಾಡಿನೊಳಗೆ ಇಟ್ಟುಕೊಂಡರು. ಇಡುವ ಮೊದಲು ಎಡಮೂಲೆಯಲ್ಲಿ ಕೈ ತಾನಾಗಿ ಒಂದು ಟಿಕ್ ಹಾಕಿತು. ಅದನ್ನು ನಾನು ನೋಡಿದೆನೇ? ನೋಡಿದೆ ಎಂದು ಈಗ ಅನ್ನಿಸುತ್ತದೆ. ನೋಡಿದ್ದರೆ ಆಗಲೇ ಹೇಳುತ್ತಿದ್ದೆನಲ್ಲವೇ?

ಮರುದಿನ ಕಾಕಾ ಬಿಡುವಿಗೆ ಮೊದಲೇ ಯಾವುದೋ ಮೀಟಿಂಗಿಗೆ ಹೋದರು. ಪ್ಯಾಡು ಮೇಜಿನ ಮೇಲಿತ್ತು. ಟೈಪಿಸ್ಟ್ ಬಂದ, ಟಿಕ್ ಕಂಡ, ತೆಗೆದುಕೊಂಡು ಹೋಗಿ ಕಡತಕ್ಕೊಂದು ಸೇರಿಸಿ ಮೂರು ಪ್ರತಿ ಟೈಪ್ ಮಾಡಿದ. ಕೊನೆಯಲ್ಲಿ ಬರೀ ‘ಯುವರ್ಸ್’ ಇರುವುದು ಕಂಡು, ಸಾಹೇಬರು ಮರೆತಿದ್ದಾರೆಂದು ತಾನೇ ‘ಫೇತ್‌ಫುಲಿ’ ಸೇರಿಸಿದ. ಪ್ಯಾಡಿನೊಡನೆ ಬಂದ ಹತ್ತು ಪತ್ರಗಳ ನಡುವೆ ಮರುದಿನ ಬೆಳಿಗ್ಗೆ ಕಾಕಾ ಓದದೆ ಅದಕ್ಕೂ ಸಹಿ ಮಾಡಿದರು. ರವಾನೆಯವರು ನಂಬರ್ ಹಾಕಿದರು. ಎರಡು ಕಂದು ಲಕೋಟೆ, ಒಂದು ಕಾಕುವಿಗೆ, ಒಂದು ಅವರ ಅಣ್ಣನಿಗೆ, ಟಪಾಲಿಗೆ ಹೋದವು.

ಆ ಸಂಜೆ ಕಾಕಾ ಚಪ್ಪಲಿ ಕಳಚದೆ ಪಡಸಾಲೆಯಲ್ಲಿ ನಿಂತದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

“ನಂಬರ್ ಬಿದ್ದೈತೋ ತಮ್ಮಾ!”

“ಯಾವ ನಂಬರ್?”

“ಸಂಸಾರಕ್ಕ ನಂಬರ್ ಬಿದ್ದೈತಿ! ಆ ಟೈಪಿಸ್ಟ್‌ಗ ಕೇಳಿದ್ರ, ‘ಸಾಬ್, ಆಪ್‌ಕಾ ಟಿಕ್ ಥಾ’ ಅಂತಾನ. ನಂದ ಸಹಿ, ನಂದ ಟಿಕ್. ಯಾರಿಗೆ ಬೈಲಿ?”

ನಾನು ನಕ್ಕುಬಿಟ್ಟೆ. ಕಾಕಾ ನಗಲಿಲ್ಲ. ಕುರ್ಚಿಯ ಮೇಲೆ ಕೂತು, “ಇನ್ನ ಆಕಿ ಬರೂದಿಲ್ಲ” ಎಂದರು.

ಎಂಟನೆಯ ದಿನ ಕಾಕುವಿನ ಕಾರ್ಡು ಬಂತು, ಕನ್ನಡದಲ್ಲಿ. ಕಾಕಾ ಒಮ್ಮೆ ಅಕ್ಷರ ಕೂಡಿಸಿ ನೋಡಿ, ತಾಳ್ಮೆ ಸಾಲದೆ ನನಗೆ ಕೊಟ್ಟರು. ನಾನು ಓದಿದೆ: ‘ಪತ್ರ ಮುಟ್ಟಿತು. ಲಕೋಟೆ ನೋಡಿ ಸರ್ಕಾರದ ನೋಟೀಸು ಅಂತ ಅಣ್ಣ ಹೆದರಿದ್ದ. ಅವನ ಕಾಪಿ ಅವನಿಗೆ ಕೊಟ್ಟೀನಿ. ಮಷೀನಿನ ಸುದ್ದಿ ಪತ್ರದಾಗ ಎಲ್ಲೂ ಇಲ್ಲ.’

ಇಂತಿ ಎಂದೂ ಇಲ್ಲ, ನಿಮ್ಮ ಎಂದೂ ಇಲ್ಲ. ಕಾಕಾ ಕಾರ್ಡನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ನೋಡಿದರು. ವಿಳಾಸ ಮಾತ್ರ ಇತ್ತು.

“ಮಷೀನ್ ತರೂಣು” ಎಂದರು.

ಮುಂದಿನ ರವಿವಾರ ಕೋಠಿಯಿಂದ ಪಟಾನ್‌ಚೆರು ಬಸ್ಸು ಹತ್ತಿದೆವು. ಎರಡನೆಯ ಪಾಳಿಗೆ ಹೋಗುವ ಕಾರ್ಮಿಕರು ಟಿಫಿನ್ ಡಬ್ಬ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದರು. ಊರು ತೆಳುವಾಗುತ್ತಾ ಹೋಯಿತು. ಬಂಡೆಗಳು, ಬಯಲು, ಮತ್ತೆ ಬಂಡೆಗಳು. ಆಮೇಲೆ ಔಷಧಿಯ ಶೀಶೆಯ ಮುಚ್ಚಳ ತೆಗೆದಂಥ ಒಂದು ವಾಸನೆ. ಕಾಕಾನ ತುಟಿ ದಾರಿಯುದ್ದಕ್ಕೂ ಅಲ್ಲಾಡುತ್ತಿತ್ತು. ಪದ್ಮಳಿಗೆ ಹೇಳಬೇಕಾದದ್ದನ್ನು ತೆಲುಗಿನಲ್ಲಿ ಕರಡು ಮಾಡಿಕೊಳ್ಳುತ್ತಿದ್ದರು. ಒಂದು ಸಲ ನನ್ನ ಕಡೆ ತಿರುಗಿ, “‘ದಯವಿಟ್ಟು’ ಮೊದಲು ಹಾಕ್ಲೋ, ಕೊನಿಗೆ ಹಾಕ್ಲೋ?” ಎಂದು ಕೇಳಿದರು.

ಪದ್ಮಳ ಮನೆ ಒಂದೇ ಕೋಣೆ. ಬೆಳಕಿಗಾಗಿ ಮಷೀನನ್ನು ಬಾಗಿಲಲ್ಲೇ ಇಟ್ಟುಕೊಂಡಿದ್ದಳು. ಒಳಗೆ ಹೋಗಬೇಕಾದರೆ ಮೈ ಓರೆ ಮಾಡಬೇಕು. ಒಂದು ಕಡೆ ಶಾಲೆಯ ನೀಲಿ ಲಂಗಗಳ ರಾಶಿ. ಮಂಚದ ಮೇಲೆ ಕಾಲು ಚಾಚಿಕೊಂಡಿದ್ದ ಅವಳ ಗಂಡ ದೊಡ್ಡ ಬೆರಳುಗಳಲ್ಲಿ ಸೂಜಿ ಹಿಡಿದು ಬಿಳಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ. ನಮ್ಮನ್ನು ಕಂಡು ಏಳಲು ಹೋದ. ಕಾಕಾ ಅವನ ಭುಜ ಹಿಡಿದು ಕೂರಿಸಿದರು. ಚಹಾ ಬಂತು. ಪದ್ಮ ಮಷೀನಿನ ಮೇಲಿನ ನೂಲಿನ ಚೂರುಗಳನ್ನು ಸೆರಗಿನಿಂದ ಒರೆಸಿ, ಅದರ ಪಕ್ಕ ಕೈಕಟ್ಟಿ ನಿಂತಳು. ಕಾಕಾ ಗಂಟಲು ಸರಿ ಮಾಡಿಕೊಂಡರು. ಈಗ ಹೇಳುತ್ತಾರೆ ಎಂದು ನಾನು ನೆಲ ನೋಡಿದೆ.

“ಸೂದಿ ಬಾಗುಂದಾ ಅಮ್ಮಾ?” ಎಂದರು. ಸೂಜಿ ಚೆನ್ನಾಗಿದೆಯಾ ತಾಯಿ?

“ಬಾಗುಂದಿ ಸಾರ್” ಎಂದಳು ಪದ್ಮ.

ಅಷ್ಟೇ ನಮ್ಮ ವ್ಯವಹಾರ. ಬಸ್ಸು ಕಾಯುತ್ತಾ ನಿಂತಾಗ ಕಾಕಾ, “ಕೊಡೂವಾಗ ಒಂದ ಮಾತಿನ್ಯಾಗ ಕೊಟ್ಟೆ ನೋಡು” ಎಂದರು. “ವಾಪಸ್ ಕೇಳಾಕ ಬಾಯಿ ಬರಲಿಲ್ಲ. ಕೇಳಾಕ ನಾ ಯಾರು? ಕೊಡಾಕರ ನಾ ಯಾರಿದ್ದೆ?”

ಬಸ್ಸು ಬಂತು, ಹತ್ತಿದೆವು.

ಆ ವಾರ ಕಾಕಾ ಎರಡನೆಯ ಪತ್ರ ಬರೆದರು. ಕನ್ನಡದಲ್ಲಿ. ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟು, ನಿಂತುಕೊಂಡೇ, ಬೆನ್ನು ನನ್ನ ಕಡೆ ಮಾಡಿಕೊಂಡು. ಒಂದಕ್ಷರ ಬರೆಯಲು ಒಂದು ಸಲ ಅನ್ನ ತಿರುವುವಷ್ಟು ಹೊತ್ತು. “ಮಷೀನಿಗೆ ಯಾವ ಷ ಹಚ್ಚಬೇಕೋ?” ಎಂದು ಒಮ್ಮೆ ಕೂಗಿದರು. ನಾನು ಅಂಗೈಯಲ್ಲಿ ಬರೆದು ತೋರಿಸಿದೆ. ಇನ್ನೇನೂ ಕೇಳಲಿಲ್ಲ, ನನಗೆ ತೋರಿಸಲೂ ಇಲ್ಲ. ಮರುದಿನ ಪ್ಯಾಡಿನಲ್ಲಿ ಇಡದೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿ ತಾವೇ ಟಪಾಲು ಪೆಟ್ಟಿಗೆಗೆ ಹಾಕಿದರು.

ನಾಲ್ಕೈದು ದಿನಗಳಲ್ಲಿ ಕಾಕು ಬಂದರು. ಈ ಭಾಗ ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಬೆಳಕಾಗಿದೆ. ಬೆಳಗಿನ ಬಸ್ಸಿಗೆ ಗೌಳಿಗುಡದಲ್ಲಿ ಇಳಿದು, ಬಾಗಿಲಿಗೆ ಬಂದು, ಚೀಲ ಒಳಗೆ ತಳ್ಳಿ, ತಾವು ಹೊಸಿಲು ದಾಟದೆ, “ನಡ್ರಿ. ಪಟಾನ್‌ಚೆರು ಬಸ್ ಎಲ್ಲಿ ಸಿಗ್ತೈತಿ ತೋರಿಸ್ರಿ” ಎಂದರು. ನಾವು ಮೂವರೂ ಹೋದೆವು. ಅದೇ ಬಂಡೆಗಳು, ಅದೇ ಬಯಲು, ಬಿಸಿಲಿನಲ್ಲಿ ತೇಲುತ್ತಿದ್ದವು. ಪದ್ಮ ಎದ್ದು ನಿಂತಳು. ಕಾಕು ಯಾರ ಅಪ್ಪಣೆಗೂ ಕಾಯದೆ ಮಷೀನಿನ ಮುಂದೆ ಕೂತು, ಗಾಲಿ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿದರು. ಒಂದು ಚಿಂದಿ ಇಟ್ಟು ಹೊಲಿದು ನೋಡಿದರು.

ಪದ್ಮಳ ಮುಖ ಬಿಳಿಚಿಕೊಂಡಿತು. “ಸಾರು ಇಚ್ಚಾರು ಕದಮ್ಮಾ” ಎಂದಳು. ಸಾಹೇಬರು ಕೊಟ್ಟಿದ್ದಾರಲ್ಲ ಅಮ್ಮಾ.

ಕಾಕು ತಮಗೆ ಬರುವ ಬಜಾರಿನ ತೆಲುಗಿನಲ್ಲಿ ನಿಧಾನವಾಗಿ ಹೇಳಿದರು: “ಸಾರುದಿ ಕಾದಮ್ಮಾ. ನಾದಿ. ಇಪ್ಪುಡು ನೇನು ಇಸ್ತುನ್ನಾನು.” ಇದು ಸಾಹೇಬರದಲ್ಲ. ನನ್ನದು. ಈಗ ನಾನು ಕೊಡುತ್ತಿದ್ದೇನೆ.

ಆಮೇಲೆ ಮಳೆಗಾಲದಲ್ಲಿ ಬೆಲ್ಟ್ ಜಾರುತ್ತದೆ, ಸೀಮೆಸುಣ್ಣ ಹಚ್ಚಬೇಕು ಎಂದು ತೋರಿಸಿಕೊಟ್ಟರು. ಕಾಕಾ ಬಾಗಿಲ ಹೊರಗೆ, ಕರೆಯದೆ ಬಂದವರ ಹಾಗೆ ನಿಂತಿದ್ದರು.

ಇಷ್ಟು ಬರೆದು ಮುಗಿಸಿದಾಗ ನನಗೆ ಎಂದಿನ ಸಂಶಯ ಶುರುವಾಯಿತು. ಕಾಕಾ ಈಗ ಇಲ್ಲ. ಕಾಕು ಇದೇ ಹೈದರಾಬಾದಿನ ಕಾಚಿಗುಡದಲ್ಲಿದ್ದಾರೆ. ಫೋನ್ ಮಾಡಿ ಕೇಳೋಣವೆಂದರೆ ನಮ್ಮ ಫೋನಿನ ಕಥೆ ನಿಮಗೆ ಗೊತ್ತೇ ಇದೆ. ನಿನ್ನೆ ಬಸ್ಸು ಹತ್ತಿ ಅವರಲ್ಲಿಗೇ ಹೋದೆ.

ಕಾಕುವಿನ ಮನೆಯಲ್ಲಿ ಮಾತಾಡುವುದು ಕಷ್ಟ. ಮುಂದಿನ ಕೋಣೆಯಲ್ಲಿ ನಾಲ್ಕು ಮಷೀನುಗಳಿವೆ. ಸುತ್ತಲಿನ ಗಲ್ಲಿಗಳ ಹೆಣ್ಣುಮಕ್ಕಳು ಹೊಲಿಗೆ ಕಲಿಯಲು ಬರುತ್ತಾರೆ. ಆ ಗದ್ದಲದ ನಡುವೆ ಹಾಳೆಗಳನ್ನು ಓದಿ ಹೇಳಿದೆ. ಕಾಕು ಒಬ್ಬಳ ರವಿಕೆಯ ತೋಳು ಬಿಚ್ಚುತ್ತಾ ಕೇಳಿಸಿಕೊಂಡರು.

“ಎಲ್ಲಾ ಬರೋಬ್ಬರಿ ಬರದೀಪಾ. ಒಂದ ತಪ್ಪೈತಿ. ಎರಡನೇ ಸಲಾ ಪಟಾನ್‌ಚೆರುಗೆ ನೀ ಬಂದಿದ್ದೇ ಇಲ್ಲ.”

“ಏನ್ ಕಾಕು ಅದು? ನಾ ಅಲ್ಲೇ ನಿಂತಿದ್ದೆ!”

“ನಿನಗ ಅವತ್ತು ಪರೀಕ್ಷಾ ಇತ್ತು. ನಾನ ಬಾಗಲಾ ಹಾಕ್ಕೊ ಅಂತ ಹೇಳಿ ಹೋದೆ. ಎಲ್ಲಾ ನಿಮ್ಮ ಕಾಕಾ ಬಂದು ಹೇಳಿದ್ದು, ನೂರು ಸರ್ತಿ. ಕೇಳಿ ಕೇಳಿ ನೋಡಿದಂಗ ಆಗೈತಿ ನಿನಗ.”

ಹಾಗಾದರೆ ಆ ಬೆಳಕು, ಬಿಳಿಚಿದ ಮುಖ, ತೇಲುವ ಬಂಡೆಗಳು? ಅಷ್ಟು ವರ್ಷ ನಾನು ಜೋಪಾನ ಮಾಡಿಕೊಂಡು ಬಂದದ್ದು ಕಾಕಾನ ನೆನಪು. ಅವರನ್ನು ಕೇಳದೆ ತೆಗೆದುಕೊಂಡಿದ್ದೆ. ಹಾಳೆ ತಿರುವಿ ಆ ಭಾಗ ಮತ್ತೆ ನೋಡಿದೆ. ಒಬ್ಬ ಹುಡುಗಿ ನಕ್ಕಳು.

ಕಳೆದ ಮಾನವನ್ನು ಮರಳಿ ಪಡೆಯಲು, “ಹೋಗಲಿ, ಆ ಎರಡನೇ ಪತ್ರದಾಗ ಏನಿತ್ತು ಕಾಕು?” ಎಂದೆ. “ಅದನ್ನ ನೋಡೇ ಅಲ್ಲೇನು ನೀವು ವಾಪಸ್ ಬಂದದ್ದು?”

“ಮೂರು ಸಾಲಿತ್ತು.”

“ಏನಂತ?”

ಕಾಕು ಹಲ್ಲಿನಿಂದ ನೂಲು ಕಡಿದರು. “ಅದು ನನಗ ಬರದಿದ್ದಪಾ. ನಿನಗಲ್ಲ.”

ನಾನು ಹಾಳೆಗಳನ್ನು ಮಡಚಿದೆ. ಅವರು ನನ್ನ ಮುಖ ನೋಡಿ ಸ್ವಲ್ಪ ಕರಗಿರಬೇಕು. “ಇನ್ನೊಂದು ಹೇಳ್ತೀನಿ, ಬೇಕಂದ್ರ ಬರ್ಕೋ. ನಾ ಬಂದದ್ದು ಮಷೀನಿಗೆ. ಆಕಿಗೆ ಕೊಟ್ಟು, ಮುಂದ ರಾಯಚೂರಿಗೆ ತಿರಗಿ ಹೋಗೂದೋ ಇಲ್ಲೇ ಇರೂದೋ, ನನಗ ಇನ್ನಾ ತಿಳಿದಿರಲಿಲ್ಲ. ವಾಪಸ್ ಬರೂವಾಗ ಬಸ್ಸಿನ್ಯಾಗ ಇಬ್ಬರು ಕೂಡೂ ಸೀಟು ಸಿಕ್ತು. ಕಿಡಕಿ ಕಡೆ ಯಾವಾಗಲೂ ಅವರ ಕೂಡೂದು, ಹದಿನೆಂಟು ವರ್ಷ. ಅವತ್ತು ನಿಂತಬಿಟ್ರು. ‘ಶಾಂತಾ, ಕಿಡಕಿ ಕಡೆ ನಾ ಕೂಡ್ಲೇನು?’ ಅಂತ ಕೇಳಿದ್ರು. ಎಲ್ಲಾ ಜನರ ಮುಂದ.”

“ನೀವೇನಂದ್ರಿ?”

“ಬ್ಯಾಡ ಅಂದೆ.” ಕಾಕು ತೋಳನ್ನು ಕೊಡವಿ ಬೆಳಕಿಗೆ ಹಿಡಿದರು. “ನಾ ಕೂತೆ. ಅವರು ಈ ಕಡೆ ಕೂತ್ರು. ಕೋಠಿ ತನಕಾ ಒಂದ ಮಾತಿಲ್ಲ. ಕೋಠಿ ಬಂದಾಗ, ಇಳಿಯೂಣೇನು ಅಂತ ಕೇಳಿದ್ರು. ಹೂಂ ಅಂದೆ.”

ಹೊರಗೆ ಬಂದಾಗ ಸಂಜೆಯ ಬಿಸಿಲು ಗಲ್ಲಿಯ ತುಂಬ ತೆಳ್ಳಗೆ ಹಾಸಿತ್ತು. ಬಸ್ಸು ಬಹುತೇಕ ತುಂಬಿತ್ತು. ಎಡಗಡೆಯ ಒಂದು ಸೀಟು ಮಾತ್ರ ಪೂರ್ತಿ ಖಾಲಿ ಇತ್ತು. ಯಾಕೋ ನಾನು ಕಿಟಕಿಯ ಬದಿ ಬಿಟ್ಟು ದಾರಿಯ ಕಡೆಯ ತುದಿಯಲ್ಲೇ ಕೂತೆ. ಅಂಗಡಿಗಳು, ಜನ, ಆಟೋಗಳು, ಎಲ್ಲ ಆ ಖಾಲಿ ಜಾಗದ ಆಚೆ ಹರಿದು ಹೋಗುತ್ತಿದ್ದವು.

“ಜರಗಂಡಿ ಸಾರ್, ಲೋಪಲಿಕಿ ಜರಗಂಡಿ,” ಒಳಗೆ ಸರಿಯಿರಿ ಎಂದು ಕಂಡಕ್ಟರ್ ಹೇಳಿದ.

ನಾನು ಸರಿಯಲಿಲ್ಲ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಒಬ್ಬ ಮುದುಕ ನನ್ನ ಪಕ್ಕ ಬಂದು ನಿಂತ. ಎದ್ದು ದಾರಿ ಬಿಟ್ಟೆ. ಆತ ಒಳಗೆ ಹೋಗಿ ಕೂತು, ಕಿಟಕಿಯ ಸರಳು ಹಿಡಿದುಕೊಂಡು, ನನ್ನ ಕಡೆ ನೋಡದೆ ಹೊರಗೆ ನೋಡತೊಡಗಿದ.